ಐದು ಬಣ್ಣ, ಅರವತ್ತು ಎಲೆ

ಇಸ್ಪೀಟು ಆಡುವವರು ಕೈಗೆ ಬಂದ ಎಲೆಗಳನ್ನು ಹಳಿಯುವುದುಂಟು, ಕಟ್ಟನ್ನು ಯಾರೂ ಹಳಿಯುವುದಿಲ್ಲ. ಕಟ್ಟು ಎಲ್ಲರಿಗೂ ಒಂದೇ. ಮೈಸೂರಿನ ಅರಸರು ಪೋಷಿಸಿದ ಗಂಜೀಫದಲ್ಲೂ ಅಷ್ಟೇ. ದಶಾವತಾರ ಗಂಜೀಫವಾದರೆ ಅವತಾರವೊಂದಕ್ಕೆ 12ರಂತೆ 120 ಎಲೆಗಳು. ಆಡಲು ಕುಳಿತವರೆಲ್ಲ ಅದರಲ್ಲಿಯೇ ತಮ್ಮ ಪಾಲನ್ನು ಪಡೆಯುತ್ತಾರೆ. ಈ ಹಳೆಯ ಪದ್ಧತಿಯನ್ನು ತಲೆಕೆಳಗು ಮಾಡಿದ ಆಟವೊಂದು 1993ರ ಆಗಸ್ಟ್‌ನಲ್ಲಿ ಅಮೆರಿಕದ ಅಂಗಡಿಗಳಿಗೆ ಬಂತು. ಅದರ ಹೆಸರು ‘ಮ್ಯಾಜಿಕ್: ದ ಗ್ಯಾದರಿಂಗ್’. ಇಲ್ಲಿ ಇಬ್ಬರು ಮಾಂತ್ರಿಕರ ನಡುವೆ ಕಾಳಗ. ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಕಟ್ಟಿಕೊಂಡು ಬರಬೇಕು. ಅಂಗಡಿಯಲ್ಲಿ ಕೊಂಡ ಪೊಟ್ಟಣದಲ್ಲಿ ಯಾವ ಎಲೆ ಇದೆಯೆಂಬುದು ಒಡೆಯುವವರೆಗೆ ತಿಳಿಯದು. ಬೇಡದ್ದನ್ನು ಗೆಳೆಯರಿಗೆ ಕೊಟ್ಟು ಬೇಕಾದ್ದನ್ನು ಪಡೆಯಬೇಕು.

ಆಟವನ್ನು ರೂಪಿಸಿದವರು ರಿಚರ್ಡ್ ಗಾರ್ಫೀಲ್ಡ್, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದ ಡಾಕ್ಟರೇಟ್ ಪಡೆದವರು. ಪ್ರಕಟಿಸಿದ್ದು ‘ವಿಜರ್ಡ್ಸ್ ಆಫ್ ದ ಕೋಸ್ಟ್’ ಎಂಬ, ಆಗಿನ್ನೂ ಚಿಕ್ಕದಾಗಿದ್ದ ಸಂಸ್ಥೆ. ಮೊದಲ ಮುದ್ರಣದಲ್ಲಿದ್ದುದು 295 ಬಗೆಯ ಎಲೆಗಳು. ಇಂಥ ಆಟಕ್ಕೆ ಹುಟ್ಟಿನಲ್ಲೇ ಒಂದು ಕಂಟಕವಿದೆ. ಕಟ್ಟನ್ನು ಆಟಗಾರನೇ ಕಟ್ಟುವುದಾದರೆ ಬಲವಾದ ಎಲೆಗಳನ್ನೆಲ್ಲ ಒಂದೆಡೆ ಗುಡ್ಡೆ ಹಾಕದಂತೆ ತಡೆಯುವವರು ಯಾರು? ಗಾರ್ಫೀಲ್ಡ್ ಆ ಕಾವಲು ಕೆಲಸವನ್ನು ಬಣ್ಣಗಳಿಗೆ ವಹಿಸಿದರು.

ಬಣ್ಣಗಳು ಐದು: ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು. ಬಿಳಿಗೆ ಕಟ್ಟಳೆ ಮತ್ತು ರಕ್ಷಣೆ, ನೀಲಿಗೆ ವಿದ್ಯೆ ಮತ್ತು ಉಪಾಯ, ಕಪ್ಪಿಗೆ ಸಾವು ಮತ್ತು ಮಹತ್ವಾಕಾಂಕ್ಷೆ, ಕೆಂಪಿಗೆ ಬೆಂಕಿ ಮತ್ತು ರೋಷ, ಹಸಿರಿಗೆ ಕಾಡು ಮತ್ತು ಮೃಗಬಲ. ಪ್ರತಿ ಎಲೆಯ ಹಿಂಬದಿಯಲ್ಲೂ ಈ ಐದು ಬಣ್ಣಗಳು ವೃತ್ತಾಕಾರವಾಗಿ ಕುಳಿತಿವೆ. ಅಕ್ಕಪಕ್ಕದವು ಮಿತ್ರರು, ಎದುರಿನವು ಶತ್ರುಗಳು. ಮಂತ್ರ ಹಾಕಲು, ಮೃಗವನ್ನು ಕರೆಯಲು ‘ಮಾನಾ’ ಎಂಬ ಶಕ್ತಿ ಬೇಕು. ಪೆಸಿಫಿಕ್ ದ್ವೀಪವಾಸಿಗಳ ನುಡಿಗಳಿಂದ ಬಂದ ಮಾತು ಇದು. ಈ ಶಕ್ತಿ ಬಹುಮಟ್ಟಿಗೆ ಹುಟ್ಟುವುದು ಭೂಮಿಯ ಎಲೆಗಳಿಂದ. ಬಯಲು ಬಿಳಿಯನ್ನು ಕೊಡುತ್ತದೆ, ದ್ವೀಪ ನೀಲಿಯನ್ನು, ಜೌಗು ಕಪ್ಪನ್ನು, ಬೆಟ್ಟ ಕೆಂಪನ್ನು, ಕಾಡು ಹಸಿರನ್ನು. ಸರದಿಗೊಂದರಂತೆ ಭೂಮಿಯನ್ನು ಕೆಳಗಿಡಬಹುದು. ಕೈಯಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ ಇದ್ದರೂ ಎದುರಿಗೆ ಬೆಟ್ಟವಿಲ್ಲದಿದ್ದರೆ ಅದು ಬರೀ ಚಿತ್ರ.

ಬಣ್ಣದಾಸೆಗೆ ತೆರಬೇಕಾದ ಬೆಲೆಯನ್ನು ಲೆಕ್ಕ ಹಾಕಿಯೇ ನೋಡಬಹುದು. ಸ್ಪರ್ಧೆಗಳ ಕಟ್ಟಿನಲ್ಲಿ ಕನಿಷ್ಠ 60 ಎಲೆಗಳಿರಬೇಕು; ಅದರಲ್ಲಿ 24 ಭೂಮಿಗಳೆಂದಿಟ್ಟುಕೊಳ್ಳೋಣ. ಆಟಗಾರ ಮೊದಲಿಗೆ ಎತ್ತಿಕೊಳ್ಳುವುದು 7 ಎಲೆ. ಕಟ್ಟು ಒಂದೇ ಬಣ್ಣದ್ದಾದರೆ ಈ ಏಳರಲ್ಲಿ ಒಂದೂ ಭೂಮಿ ಬಾರದಿರುವ ಸಂಭವ ನೂರಕ್ಕೆ ಸುಮಾರು 2. ಎರಡು ಬಣ್ಣಕ್ಕೆ ಹನ್ನೆರಡು ಹನ್ನೆರಡು ಭೂಮಿ ಹಂಚಿದರೆ, ಬೇಕಾದ ಒಂದು ಬಣ್ಣದ ಭೂಮಿ ಸಿಗದಿರುವ ಸಂಭವ 19ಕ್ಕೆ ಏರುತ್ತದೆ. ಮೂರು ಬಣ್ಣಕ್ಕೆ ಎಂಟೆಂಟಾದರೆ 35. ಒಂದು ಭೂಮಿ ಹೆಚ್ಚಿಸಿ ಐದು ಬಣ್ಣಕ್ಕೆ ಐದೈದರಂತೆ ಕೊಟ್ಟರೆ 53! ಐದು ಬಣ್ಣದ ಕಟ್ಟು ಎಂದರೆ ಅರ್ಧಕ್ಕಿಂತ ಹೆಚ್ಚು ಸಲ ಬೇಕಾದ ಬಣ್ಣ ಮೊದಲ ಕೈಯಲ್ಲಿ ಸಿಗದ ಕಟ್ಟು ಎಂದಂತಾಯಿತು. ಗಣಿತಜ್ಞನ ಕಾವಲು ಬಿಗಿಯಾಗಿಯೇ ಇತ್ತು.

ಆದರೆ ಅದರ ಹಿಂಬಾಗಿಲನ್ನೂ ಅವರೇ ತೆರೆದಿಟ್ಟರು. ಎರಡು ಬಣ್ಣಗಳಲ್ಲಿ ಯಾವುದನ್ನು ಬೇಕಾದರೂ ಕೊಡುವ ಜೋಡಿ ಭೂಮಿಗಳು ಆಟದ ಆರಂಭದಿಂದಲೇ ಇದ್ದವು. ಐದು ಬಣ್ಣಗಳಿಂದ ಆಗುವ ಜೋಡಿಗಳು ಹತ್ತು. ಮೊದಲ ಮುದ್ರಣದಲ್ಲಿ ನೀಲಿ-ಕೆಂಪಿನ ಜೋಡಿ ಕಣ್ತಪ್ಪಿನಿಂದ ಬಿಟ್ಟುಹೋಗಿ ಎರಡನೆಯದರಲ್ಲಿ ಸೇರಿತು. ಒಂದು ಬಗೆಯ ಎಲೆಯನ್ನು ನಾಲ್ಕಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮೂರು ಬಣ್ಣದ ಕಟ್ಟಿಗೆ ಮೂರು ಜೋಡಿಗಳಿಂದ ನಾಲ್ಕು ನಾಲ್ಕರಂತೆ 12 ಜೋಡಿ ಭೂಮಿ, ಉಳಿದ 12 ಸಾಮಾನ್ಯ ಭೂಮಿ ಹಾಕಿದರೆ ಪ್ರತಿ ಬಣ್ಣಕ್ಕೂ 12 ಮೂಲಗಳು ದಕ್ಕುತ್ತವೆ. ನೂರಕ್ಕೆ 35 ಇದ್ದ ಅಪಾಯ ಮತ್ತೆ 19ಕ್ಕೆ ಇಳಿಯುತ್ತದೆ. ಅಂದರೆ ಮೂರನೆಯ ಬಣ್ಣ ಪುಕ್ಕಟೆ. ಹಾಗೆ ನೋಡಿದರೆ ಪುಕ್ಕಟೆಯೂ ಅಲ್ಲ; ಸಾಮಾನ್ಯ ಭೂಮಿ ಯಾರ ಬಳಿಯೂ ರಾಶಿ ಬೀಳುವಷ್ಟು ಇತ್ತು, ಜೋಡಿ ಭೂಮಿ ಅಪರೂಪದ ಎಲೆಗಳ ಸಾಲಿಗೆ ಸೇರಿತ್ತು.

ಹಲವು ಬಣ್ಣಗಳ ಕಟ್ಟಿಗೆ ಮೊದಲ ಕೀರ್ತಿ ಬಂದದ್ದು 1994ರ ಆಗಸ್ಟ್‌ನಲ್ಲಿ, ಮಿಲ್ವಾಕಿಯಲ್ಲಿ ನಡೆದ ಪ್ರಥಮ ವಿಶ್ವ ಸ್ಪರ್ಧೆಯಲ್ಲಿ. ಅಂತಿಮ ಆಟದಲ್ಲಿ ಫ್ರಾನ್ಸಿನ ಬರ್ಟ್ರಾಂಡ್ ಲೆಸ್ಟ್ರೇ ಅವರನ್ನು ಸೋಲಿಸಿದ ಅಮೆರಿಕದ ಝ್ಯಾಕ್ ಡೋಲನ್ ಅವರದು ಬಿಳಿ, ನೀಲಿ, ಹಸಿರು ಬೆರೆತ ವಿಚಿತ್ರ ಕಟ್ಟು. ಅದರ ಜೀವಾಳ ‘ಸ್ಟೇಸಿಸ್’ ಎಂಬ ನೀಲಿ ಎಲೆ. ಈ ಆಟದಲ್ಲಿ ಭೂಮಿಯಿಂದ ಶಕ್ತಿ ಪಡೆದಾಗ, ಮೃಗದಿಂದ ದಾಳಿ ಮಾಡಿಸಿದಾಗ ಆ ಎಲೆಯನ್ನು ಅಡ್ಡಕ್ಕೆ ತಿರುಗಿಸಬೇಕು. ಮುಂದಿನ ಸರದಿಯ ಆರಂಭದಲ್ಲಿ ಅದು ನೆಟ್ಟಗಾಗಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಸ್ಟೇಸಿಸ್ ಇರುವವರೆಗೆ ಯಾರ ಎಲೆಯೂ ನೆಟ್ಟಗಾಗದು. ಇಡೀ ಜಗತ್ತು ನಿಂತ ನೀರಾಗುತ್ತದೆ. ಅದನ್ನು ಉಳಿಸಿಕೊಳ್ಳಲು ಅದರ ಯಜಮಾನನೇ ಪ್ರತಿ ಸರದಿಗೂ ನೀಲಿ ಶಕ್ತಿ ತೆರಬೇಕಾದ್ದರಿಂದ ಇದು ಎರಡಲಗಿನ ಕತ್ತಿ.

ಡೋಲನ್ ಅವರ ಚಾತುರ್ಯವಿದ್ದುದು ಇದಕ್ಕೆ ಬಿಳಿಯನ್ನು ಬೆಸೆದ ರೀತಿಯಲ್ಲಿ. ‘ಸೆರ್ರಾ ಏಂಜೆಲ್’ ಎಂಬ ಬಿಳಿ ದೇವದೂತೆ ಹಾರಿ ಬಂದು ದಾಳಿ ಮಾಡಿದರೂ ಅಡ್ಡ ತಿರುಗುವುದಿಲ್ಲ. ಉಳಿದವರೆಲ್ಲ ಕಲ್ಲಾಗಿ ನಿಂತಿರುವಾಗ ಅವಳೊಬ್ಬಳು ಸರದಿ ತಪ್ಪದೆ ಹೊಡೆಯುತ್ತಾಳೆ. ‘ಕಿಸ್ಮೆಟ್’ ಎಂಬ ಇನ್ನೊಂದು ಬಿಳಿ ಎಲೆಯಿದ್ದರೆ ಎದುರಾಳಿ ಹೊಸದಾಗಿ ಇಡುವ ಭೂಮಿ, ಮೃಗಗಳೂ ಅಡ್ಡಬಿದ್ದೇ ಬರುತ್ತವೆ. (ನಮ್ಮ ‘ಕಿಸ್ಮತ್’ ಶಬ್ದವೇ ಅರಬ್ಬಿಯಿಂದ ಹೊರಟು ತುರ್ಕಿಯ ದಾರಿಯಾಗಿ ಇಂಗ್ಲಿಷಿಗೆ ಹೋದದ್ದು.) ನೀಲಿಯ ‘ಟೈಮ್ ಎಲಿಮೆಂಟಲ್’ ಸ್ಟೇಸಿಸನ್ನು ಬೇಕಾದಾಗ ಕೈಗೆ ಹಿಂದಿರುಗಿಸಬಲ್ಲದು, ಎದುರಾಳಿಯ ಸರದಿ ಮುಗಿಯುವಾಗ ಎತ್ತಿಕೊಂಡು, ತನ್ನ ಎಲೆಗಳನ್ನೆಲ್ಲ ನೆಟ್ಟಗೆ ಮಾಡಿಕೊಂಡು, ಮತ್ತೆ ಹಾಸಿದರಾಯಿತು. ಒಂದೊಂದಾಗಿ ನೋಡಿದರೆ ಇವುಗಳಲ್ಲಿ ಹಲವು ಸಾಧಾರಣ ಎಲೆಗಳೇ. ಒಂದೇ ಬಣ್ಣಕ್ಕೆ ಅಂಟಿಕೊಂಡಿದ್ದರೆ ಈ ಸಂಸಾರ ಕೂಡುತ್ತಿರಲಿಲ್ಲ.

ಎರಡು ವರ್ಷಗಳ ನಂತರದ ವಿಶ್ವ ಸ್ಪರ್ಧೆಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 1996ರ ವಿಜೇತ ಆಸ್ಟ್ರೇಲಿಯಾದ ಟಾಮ್ ಚಾನ್‌ಫೆಂಗ್ ಅವರದು ಚಿಕ್ಕ ಚಿಕ್ಕ ಯೋಧರ ಬಿಳಿ ಕಟ್ಟು. ಜತೆಗೊಂದು ನೀಲಿ ಎಲೆ. ಕಟ್ಟಿನ ಪಟ್ಟಿಯನ್ನು ಬರೆದು ಕೊಡುವಾಗ ಬಿಳಿ-ನೀಲಿ ಎರಡನ್ನೂ ಕೊಡುವ ನಾಲ್ಕು ಭೂಮಿಗಳನ್ನು ನಮೂದಿಸಲು ಅವರು ಮರೆತರು. ಅವುಗಳ ಜಾಗದಲ್ಲಿ ಸಾಮಾನ್ಯ ಬಯಲುಗಳನ್ನೇ ಇಟ್ಟುಕೊಂಡು ಆಡಬೇಕಾಯಿತು. ನೀಲಿ ಎಲೆ ಕೈಗೆ ಬಂದರೂ ಕೆಲಸಕ್ಕೆ ಬಾರದು. ಆದರೂ ಗೆದ್ದರು. ವಿನೋದವೆಂದರೆ, ವಿಜೇತನಿಗೆಂದೇ ಒಂದೇ ಒಂದು ಪ್ರತಿ ಮುದ್ರಿಸಿ ಬಹುಮಾನವಾಗಿ ಕೊಟ್ಟ ಎಲೆಯನ್ನು ಆಡಲು ಬೇಕಾದದ್ದು ಐದೂ ಬಣ್ಣದ ಶಕ್ತಿ!

ಅಷ್ಟರಲ್ಲಿ ಜೋಡಿ ಭೂಮಿಯ ಕಥೆ ಬೇರೆ ತಿರುವು ಪಡೆದಿತ್ತು. 1994ರ ಪರಿಷ್ಕೃತ ಮುದ್ರಣವೇ ಅವುಗಳಿಗೆ ಕೊನೆಯದಾಯಿತು. ಹಳೆಯ ಎಲೆಗಳನ್ನು 1995ರಲ್ಲಿ ಮತ್ತೆ ಅಚ್ಚುಹಾಕಿದಾಗ, ತಮ್ಮ ಸಂಗ್ರಹದ ಬೆಲೆ ಬಿದ್ದುಹೋಯಿತೆಂದು ಸಂಗ್ರಾಹಕರು ಸಿಡಿಮಿಡಿಗೊಂಡರು. ಇಂತಿಂಥ ಎಲೆಗಳನ್ನು ಇನ್ನು ಮುದ್ರಿಸುವುದಿಲ್ಲವೆಂದು ಸಂಸ್ಥೆ 1996ರಲ್ಲಿ ವಾಗ್ದಾನವಿತ್ತಿತು. ಮೂಲ ಜೋಡಿ ಭೂಮಿಗಳು ಆ ಪಟ್ಟಿಯಲ್ಲಿವೆ. ಈಗ ಅವುಗಳ ಒಂದೊಂದು ಪ್ರತಿಗೂ ನೂರಾರು ಡಾಲರ್ ಬೆಲೆ. ಊರ ಹೊರಗಿನ ನಿವೇಶನಕ್ಕೂ ಬೆವರು ಸುರಿಸುವ ಓದುಗರಿಗೆ ಇದು ಅಚ್ಚರಿಯೆನಿಸಲಾರದು. ಮಾಂತ್ರಿಕರ ಲೋಕದಲ್ಲೂ ದುಬಾರಿ ಎನಿಸಿದ್ದು ಡ್ರ್ಯಾಗನ್‌ಗಿಂತ ಭೂಮಿಯೇ. ಹಣವಂತ ಎಲ್ಲವನ್ನೂ ಒಂದೆಡೆ ಗುಡ್ಡೆ ಹಾಕಬಾರದೆಂದು ಬಣ್ಣಗಳ ಬೇಲಿ ಹಾಕಿದ್ದಾಗಿತ್ತು. ಆ ಬೇಲಿಯ ಬೀಗದ ಕೈ ಹಣವಿದ್ದವನಿಗೇ ಸಿಕ್ಕಿತು.

ಹೊಸ ಸಂಪುಟಗಳಲ್ಲಿ ಬದಲಿ ಭೂಮಿಗಳು ಬರುತ್ತಲೇ ಇದ್ದವು, ಪ್ರತಿಯೊಂದಕ್ಕೂ ಏನಾದರೊಂದು ಸುಂಕ. ಕೆಲವು, ಬಣ್ಣ ಕೊಡುವಾಗಲೆಲ್ಲ ಆಟಗಾರನ 20 ಪ್ರಾಣಾಂಕಗಳಲ್ಲಿ ಒಂದನ್ನು ಕಸಿಯುತ್ತವೆ. 2002ರಲ್ಲಿ ಬಂದ ಇನ್ನೊಂದು ಬಗೆ ತಾನು ಸತ್ತು, ಕಟ್ಟಿನೊಳಗಿಂದ ಬೇರೊಂದು ಭೂಮಿಯನ್ನು ಹುಡುಕಿ ತರುತ್ತದೆ. ಈ ಹುಡುಕುವ ಭೂಮಿಗಳು 2014ರಲ್ಲಿ ಮರುಮುದ್ರಣಗೊಂಡವು. ಅವು ಹುಡುಕಿ ತರಬಲ್ಲ ಹೊಸ ಜೋಡಿ ಭೂಮಿಗಳು 2015ರಲ್ಲಿ ಜತೆಯಾದವು. ಆಗ ಚಾಲ್ತಿ ಎಲೆಗಳಷ್ಟನ್ನೇ ಬಳಸುವ ಸ್ಪರ್ಧೆಗಳಲ್ಲಿ ನಾಲ್ಕು ಬಣ್ಣದ ಕಟ್ಟು ಮಾಮೂಲಿಯಾಯಿತು. ಒಂದು ಕಾಲದ ಸಾಹಸ ಎಲ್ಲರ ಅಭ್ಯಾಸವಾಯಿತು. ಹುಡುಕುವ ಭೂಮಿಗಳ ಬೆಲೆಯೂ ಕಟ್ಟಿನ ಒಟ್ಟು ಬೆಲೆಯೂ ಏರಿದ್ದರಿಂದ ದೂರುಗಳೂ ಕೇಳಿಬಂದವು. 2016ರ ಏಪ್ರಿಲ್‌ನಲ್ಲಿ ಆ ಭೂಮಿಗಳು ಚಾಲ್ತಿಯಿಂದ ಹೊರಬಿದ್ದವು. ಕೆಲವೇ ವಾರಗಳಲ್ಲಿ ಸ್ಪರ್ಧೆಯ ಮೇಜುಗಳ ಮೇಲೆ ಹಸಿರು-ಬಿಳಿಯ ಎರಡೇ ಬಣ್ಣದ ಕಟ್ಟುಗಳು ಮೇಲುಗೈ ಪಡೆದಿದ್ದವು.