ಮನಸ್ಸಿನ ಪೆಟ್ಟಿಗೆ ಒಂದು ಅಳತೆಗೋಲು

ಜರ್ಸಿ ಸಿಟಿಯ ಇಂಡಿಯಾ ಸ್ಕ್ವೇರ್‌ಗೆ ನೀವು ಅಪ್ಪ ಅಮ್ಮನ ಜೊತೆ ದಿನಸಿ ತರಲು ಹೋಗಿರುತ್ತೀರಿ. 1987ರಲ್ಲಿ ಅದೇ ಊರಿನಲ್ಲಿ ಬೊಟ್ಟಿಟ್ಟುಕೊಂಡು ಹೊರಗೆ ಹೋಗಲು ಎಷ್ಟೋ ಹೆಂಗಸರು ಹೆದರುತ್ತಿದ್ದರು. 'ಡಾಟ್‌ಬಸ್ಟರ್ಸ್' ಎಂಬ ಗುಂಪು ಭಾರತೀಯರನ್ನು ಊರು ಬಿಡಿಸುತ್ತೇವೆಂದು 'ಜರ್ಸಿ ಜರ್ನಲ್' ಪತ್ರಿಕೆಗೇ ಪತ್ರ ಬರೆದಿತ್ತು. ಡಾಟ್ ಎಂದರೆ ನಮ್ಮ ಹಣೆಯ ಬೊಟ್ಟು. ಆ ಸೆಪ್ಟೆಂಬರಿನಲ್ಲಿ ಪಕ್ಕದ ಹೊಬೋಕನ್‌ನಲ್ಲಿ ಕೆಲವು ಹುಡುಗರು ನವರೋಜ್ ಮೋದಿ ಎಂಬ ತರುಣನನ್ನು ಥಳಿಸಿದರು. ನಾಲ್ಕು ದಿನಕ್ಕೆ ಅವರು ತೀರಿಕೊಂಡರು. ಕೊಲೆಯ ಆರೋಪದಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. 1990ರಲ್ಲಿ ನ್ಯೂಜೆರ್ಸಿ ಇಂಥ ದ್ವೇಷದ ಅಪರಾಧಗಳಿಗೆಂದೇ ಕಾನೂನು ತಂದಿತು.

ಮೈಮೇಲಿನ ಪೆಟ್ಟು ಪೊಲೀಸ್ ದಾಖಲೆ ಸೇರಿತು. ಆದರೆ ಬೊಟ್ಟು ತೆಗೆದು ಬಸ್ ಹತ್ತಿದವರ ಭಯವನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ಹಡ್ಸನ್ ನದಿಯಾಚೆ ನ್ಯೂಯಾರ್ಕಿನ ಕರಿಯ ವಿದ್ವಾಂಸರು ಇಂಥ ಪ್ರಶ್ನೆಯನ್ನು ಬಹಳ ಮೊದಲೇ ಕೈಗೆತ್ತಿಕೊಂಡಿದ್ದರು. 1940ರ ಸುಮಾರಿಗೆ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಕರಿಯ ಮಕ್ಕಳ ಮುಂದೆ ನಾಲ್ಕು ಬೊಂಬೆ ಇಟ್ಟರು. ಬಣ್ಣ ಬಿಟ್ಟರೆ ಉಳಿದದ್ದೆಲ್ಲ ಒಂದೇ. ಒಳ್ಳೆಯ ಬೊಂಬೆ ಯಾವುದು ಎಂದಾಗ ಹೆಚ್ಚಿನ ಮಕ್ಕಳು ಬಿಳಿಯದನ್ನು ತೋರಿಸಿದರು. ನಿನ್ನಂತಿರುವುದು ಯಾವುದು ಎಂದಾಗ ಕೆಲವರು ಅತ್ತುಬಿಟ್ಟರು. ಶಾಲೆಗಳಲ್ಲಿ ಬಣ್ಣಭೇದ ಕಾನೂನುಬಾಹಿರವೆಂದ 1954ರ ಸುಪ್ರೀಂ ಕೋರ್ಟ್ ತೀರ್ಪು ಕೆನೆತ್ ಅವರ ಬರಹವನ್ನು ಉಲ್ಲೇಖಿಸಿತು.

ಕೊಲಂಬಿಯಾದ ಟೀಚರ್ಸ್ ಕಾಲೇಜಿನ ರಾಬರ್ಟ್ ಕಾರ್ಟರ್ 2007ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು: ಪ್ರಾಣಾಪಾಯ ಇಲ್ಲದಿದ್ದರೂ ಜನಾಂಗೀಯ ಅವಮಾನ ಮನಸ್ಸಿಗೆ ಗಾಯ ಮಾಡಬಲ್ಲದು ಎಂದರು. 2013ರಲ್ಲಿ ಪ್ರಕಟವಾದ ಅವರ ಅಳತೆಗೋಲಿನಲ್ಲಿ 52 ಅಂಶಗಳಿವೆ. ಮೊದಲು ನಡೆದದ್ದನ್ನು ನಿಮ್ಮ ಮಾತಿನಲ್ಲೇ ಬರೆಯಬೇಕು. ಆಮೇಲೆ ಸಿಟ್ಟು, ಖಿನ್ನತೆ, ಮೈಯೆಲ್ಲಾ ಎಚ್ಚರವಾಗಿರುವುದು, ತನ್ನ ಬಗ್ಗೆಯೇ ಕೀಳರಿಮೆ, ಇವು ಆಗ ಎಷ್ಟಿದ್ದವು, ಈಗ ಎಷ್ಟಿವೆ ಎಂದು ಗುರುತಿಸಬೇಕು.

ನಮ್ಮ ಮನೆಗಳಲ್ಲಿ ಈ ಲೆಕ್ಕವೇ ಇಲ್ಲ. ಊಟದ ಡಬ್ಬಿ ನೋಡಿ ಮೂಗು ಮುಚ್ಚಿಕೊಂಡರು ಎಂದು ಮಗಳು ಶಾಲೆಯಿಂದ ಬಂದು ಹೇಳಿದಾಗ, "ಕಿವಿಗೆ ಹಾಕ್ಕೋಬೇಡ, ಓದ್ಕೋ" ಎಂದಿದ್ದೆ. ಅವಳು ಮತ್ತೆ ಆ ಮಾತೇ ಎತ್ತಲಿಲ್ಲ. ಅದು ಮರೆವಲ್ಲ ಎಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು.

ಆದ್ದರಿಂದ ಮಕ್ಕಳೇ, ನಿಮಗೂ ಹಾಗಾದರೆ ತಾರೀಖು ಹಾಕಿ ಬರೆದಿಡಿ, ನಂಬುವವರೊಬ್ಬರಿಗೆ ಹೇಳಿ. ದೊಡ್ಡವರು ನಾವು ಕೇಳಿಸಿಕೊಳ್ಳುವುದನ್ನು ಕಲಿಯುತ್ತೇವೆ.