ಅಜ್ಜನ ಕ್ಷೌರದ ಬ್ರಷ್ಷು

ಕಳೆದ ತಿಂಗಳು ಅಟ್ಟದ ತಗಡಿನ ಪೆಟ್ಟಿಗೆಯಲ್ಲಿ ನನ್ನ ಅಜ್ಜನ ಕ್ಷೌರದ ಬ್ರಷ್ಷು ಸಿಕ್ಕಿತು. ಅದನ್ನು 1920ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಕೊಂಡದ್ದೆಂದು ತಂದೆಯವರು ಹೇಳುತ್ತಿದ್ದರು. ಮೂಳೆಯ ಹಿಡಿ ಹಳದಿಗಟ್ಟಿದ್ದರೂ ಗಟ್ಟಿಯಾಗಿದೆ. ಕೂದಲು ಮಾತ್ರ ಅರ್ಧಕ್ಕರ್ಧ ಉದುರಿದೆ. ಮೊಮ್ಮಗ ಅದನ್ನು ನೋಡಿದವನೇ 22 ಮಿಲಿಮೀಟರ್ ಬುಡದ ಕೃತಕ ಎಳೆಗಳ ಗೊಂಚಲೊಂದನ್ನು ತರಿಸಿಬಿಟ್ಟ. ಕೆಲಸವೇನೋ ಸರಳ. ಹಳೆಯ ಕೂದಲನ್ನು ಬುಡಕ್ಕೆ ಕತ್ತರಿಸಿ, ಉಳಿದ ಮೋಟನ್ನು ಡ್ರಿಲ್ಲಿನಿಂದ ಕೊರೆದು ತೆಗೆದು, ಗುಳಿಯನ್ನು ಉಜ್ಜಿ, ಅರಾಲ್ಡೈಟ್ ಹಚ್ಚಿ ಹೊಸ ಗೊಂಚಲನ್ನು ಕೂರಿಸಿ ಒಂದು ದಿನ ಬಿಟ್ಟರಾಯಿತು.

ಡ್ರಿಲ್ಲನ್ನು ಕೈಗೆತ್ತಿಕೊಂಡವನು ಹಾಗೆಯೇ ಕೆಳಗಿಟ್ಟೆ. ಇತಿಹಾಸದ ಮೇಷ್ಟರ ಚಾಳಿ, ಏನು ಮಾಡುವುದು!

ಮೊದಲ ಮಹಾಯುದ್ಧವನ್ನು ತರಗತಿಯಲ್ಲಿ ಕೇಳಿದವರಿಗೆ ಈಪ್ರ ನೆನಪಿರಬಹುದು. 1915ರ ಏಪ್ರಿಲ್‌ನಲ್ಲಿ ಜರ್ಮನರು ಅಲ್ಲಿ ಕ್ಲೋರಿನ್ ಅನಿಲವನ್ನು ಬಿಟ್ಟರು. ಅನಿಲ ತಡೆಯುವ ಮುಖವಾಡವು ಕೆನ್ನೆಗೆ ಬಿಗಿಯಾಗಿ ಕೂರಬೇಕಾದರೆ ಗಡ್ಡವಿರಬಾರದು. ಹೀಗಾಗಿ ಲಕ್ಷಾಂತರ ಸೈನಿಕರಿಗೆ ಕ್ಷೌರದ ಸಾಮಗ್ರಿ ಬೇಕಾಯಿತು. ಬ್ರಷ್ಷಿಗೆ ಶ್ರೇಷ್ಠವೆನಿಸಿದ್ದು ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲು. ಯುದ್ಧದಿಂದ ಅದರ ಹಳೆಯ ವ್ಯಾಪಾರಮಾರ್ಗಗಳು ಕಡಿದುಹೋದವು; ಕೂದಲನ್ನು ಶುದ್ಧಿಗೊಳಿಸುವ ಪದ್ಧತಿಯೂ ತಪ್ಪಿಹೋಯಿತು. ಆಗ ಕುದುರೆಯ ಕೂದಲಿಗೆ ಬಣ್ಣ ಹಾಕಿ ಬ್ಯಾಡ್ಜರ್‌ನಂತೆ ತೋರಿಸಿ ಮಾರತೊಡಗಿದರು.

ಆ ಕೂದಲಿನೊಡನೆ ಬಂದದ್ದು ಆಂತ್ರಾಕ್ಸ್. ನಮ್ಮ ರೈತರು ದನಗಳಲ್ಲಿ ಕಂಡು ಹೆದರುವ ನೆರಡಿ ರೋಗ. ಇದರ ಬೀಜಾಣುಗಳ ಜೀವನಚಕ್ರವನ್ನು ರಾಬರ್ಟ್ ಕೋಚ್ 1876ರಲ್ಲಿಯೇ ತೋರಿಸಿಕೊಟ್ಟಿದ್ದ. ಅವು ಒಣಗಿದ ಸ್ಥಿತಿಯಲ್ಲಿ ದಶಕಗಳ ಕಾಲ ಬದುಕಬಲ್ಲವು. ಕ್ಷೌರದ ಕತ್ತಿ ಒಂದಿಷ್ಟು ತರಚಿದರೆ ಸಾಕು, ಬ್ರಷ್ಷು ಉಳಿದ ಕೆಲಸ ಮಾಡುತ್ತಿತ್ತು. ಕೆನ್ನೆ ಅಥವಾ ಕತ್ತಿನಲ್ಲಿ ಬೊಕ್ಕೆ ಎದ್ದು, ನಡುವೆ ಕಪ್ಪಾಗಿ, ಸುತ್ತ ಬಾವು ಏರುತ್ತಿತ್ತು. ಪೆನಿಸಿಲಿನ್ ಇನ್ನೂ ಹುಟ್ಟಿರದ ಕಾಲ. 1915ರಿಂದ 1924ರವರೆಗೆ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಇನ್ನೂರಕ್ಕೂ ಹೆಚ್ಚು ಗಂಡಸರಿಗೆ, ಸೈನಿಕರಿಗೂ ನಾಗರಿಕರಿಗೂ, ಹೀಗೆ ಸೋಂಕು ತಗುಲಿತು. ಅವರಲ್ಲಿ ಹಲವರು ಸತ್ತರು. ಶತ್ರುವಿನ ಅನಿಲದಿಂದ ಪಾರಾಗಲು ಮುಖ ಬೋಳಿಸಿಕೊಂಡವನು ಬ್ರಷ್ಷಿನಿಂದ ಸಾಯುವುದೆಂದರೆ! ಬ್ರಿಟಿಷ್ ಸರ್ಕಾರ 1920ರಲ್ಲಿ ಜಪಾನಿನ ಕ್ಷೌರದ ಬ್ರಷ್ಷುಗಳ ಆಮದನ್ನು ನಿಷೇಧಿಸಿತು.

ಇದು ಸತ್ತ ವಿಷಯವೆಂದುಕೊಳ್ಳಬೇಡಿ. ಹಳೆಯ ಬ್ರಷ್ಷುಗಳ ಗೀಳು ಮತ್ತೆ ಹೆಚ್ಚಿದ್ದರಿಂದ ಅಮೆರಿಕದ ಸಂಶೋಧಕರು 2017ರಲ್ಲಿ ಈ ಚರಿತ್ರೆಯನ್ನೇ ಕೆದಕಿ ಲೇಖನವೊಂದನ್ನು ಪ್ರಕಟಿಸಿದರು. ಅಪಾಯ ತೀರಾ ಕಡಿಮೆ, ಆದರೆ ಇಲ್ಲವೆನ್ನುವಂತಿಲ್ಲ.

ನನ್ನ ತಂದೆ ಇದೇ ಬ್ರಷ್ಷನ್ನು ಮೂವತ್ತು ವರ್ಷ ಬಳಸಿದರು, ಅವರಿಗೇನೂ ಆಗಲಿಲ್ಲ. ಆದರೂ ಒಣಗಿದ ಕೂದಲನ್ನು ಕೊರೆದು ದೂಳೆಬ್ಬಿಸಿ, ಪಕ್ಕದಲ್ಲಿ ಮೊಮ್ಮಗನನ್ನು ಕೂರಿಸಿಕೊಳ್ಳಲು ಧೈರ್ಯ ಬರಲಿಲ್ಲ. ಪ್ರೆಶರ್ ಕುಕ್ಕರಿನ ಹಬೆಯಲ್ಲಿ ಬೇಯಿಸಿದರೆ ಹೇಗೆಂದು ಮನೆಯಾಕೆಯನ್ನು ಕೇಳಿದೆ. ಅವಳು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಕೊನೆಗೆ ಅಜ್ಜನ ಬ್ರಷ್ಷನ್ನು ಗಾಜಿನ ಜಾಡಿಯಲ್ಲಿಟ್ಟು ಮುಚ್ಚಳ ಬಿಗಿದು ಚೀಟಿ ಅಂಟಿಸಿದೆ. ಹೊಸ ಗೊಂಚಲಿಗೆ ಚನ್ನಪಟ್ಟಣದ ಕುಶಲಕರ್ಮಿಯೊಬ್ಬರಿಂದ ಅರಗಿನ ಬಣ್ಣದ ಮರದ ಹಿಡಿ ಕಡೆಸಿ ತಂದೆವು. ಮೊಮ್ಮಗನೇ ಅದನ್ನು ಅಂಟಿಸಿದ, ಕೊಂಚ ಓರೆಯಾಗಿದೆ. ಈ ಬೆಳಿಗ್ಗೆ ಅದರಲ್ಲೇ ನೊರೆ ಎಬ್ಬಿಸಿದೆ. ಹಿಡಿ ಇನ್ನೂ ಕೈಗೆ ಒಗ್ಗಿಲ್ಲ.