ಯುದ್ಧನೌಕೆಗೆ ಹೊಳೆದ ಲೆಕ್ಕದ ಪುಸ್ತಕ ಸಿರುಗುಪ್ಪಕ್ಕೆ ಬಂದ ಕಥೆ

ಹೋದ ಬೇಸಿಗೆಯಲ್ಲಿ ಸಿರುಗುಪ್ಪ ತಾಲ್ಲೂಕಿನ ಒಂದು ಸ್ವಸಹಾಯ ಸಂಘದ ಮೂವರು ಹೆಣ್ಣುಮಕ್ಕಳು ಬಳ್ಳಾರಿಯಲ್ಲಿ ನಮ್ಮ ರೂಮಿಗೆ ಬಂದರು. ಸುದ್ದಿ ಮಾಡಿ ಅಂತ ಅಲ್ಲ, ಫೋನ್ ನೋಡಿ ಅಂತ. ಎರಡು ವರ್ಷದ ಹಿಂದೆ ಯಾರೋ ಹೇಳಿದರು ಅಂತ ಕಾಗದದ ಪುಸ್ತಕ ಬಿಟ್ಟು ಲೆಕ್ಕವನ್ನೆಲ್ಲ ಒಂದು ಆ್ಯಪ್‌ಗೆ ಹಾಕಿದ್ದರು. ಈಗ ಆ ಆ್ಯಪ್ ತೆರೆದರೆ ಲಾಗಿನ್ ಕೇಳುತ್ತದೆ, ಆದರೆ ಆ ಕಡೆ ಉತ್ತರ ಕೊಡೋ ಸರ್ವರ್ ಇಲ್ಲ. ಒಬ್ಬರು ಕಂತು ಕಟ್ಟಿದ್ದೀನಿ ಅಂತಾರೆ, ಇನ್ನೊಬ್ಬರು ಕಟ್ಟಿಲ್ಲ ಅಂತಾರೆ. ದುಡ್ಡು ಎಲ್ಲಿ ಹೋಯ್ತು ಅನ್ನೋ ಮಾತು ಖಜಾಂಚಿಯ ಮನೆ ಬಾಗಿಲಿಗೆ ಬಂದಿತ್ತು. ಆಕೆ ಬಂದ ಮೂವರಲ್ಲಿ ಒಬ್ಬರು. ನಾವು ಫೋನ್ ನೋಡೋವಾಗ ಒಂದು ಮಾತೂ ಆಡಲಿಲ್ಲ.

ಪುಣ್ಯಕ್ಕೆ ಆಕೆಗೆ ಒಂದು ರೂಢಿ ಇತ್ತು. ತಿಂಗಳಿಗೊಮ್ಮೆ ಆ್ಯಪ್‌ನಲ್ಲಿ ಬ್ಯಾಕಪ್ ಅನ್ನೋ ಗುಂಡಿ ಒತ್ತುತ್ತಿದ್ದರು. ಅದು ಎಲ್ಲಿ ಹೋಗುತ್ತೆ ಅಂತ ಆಕೆಗೂ ಗೊತ್ತಿರಲಿಲ್ಲ. ಹುಡುಕಿದಾಗ ಫೋನಿನ ಒಂದು ಫೋಲ್ಡರ್‌ನಲ್ಲಿ ಹೆಸರಿನ ಕೊನೆಗೆ ‘ಡಿಬಿ’ ಅಂತಿದ್ದ ಫೈಲ್ ಸಿಕ್ಕಿತು. ಮೂಲ ಫೈಲ್ ಮುಟ್ಟದೆ ಅದರ ನಕಲನ್ನು ಕಂಪ್ಯೂಟರಿಗೆ ಹಾಕಿ, ನೋಟ್‌ಪ್ಯಾಡ್‌ನಲ್ಲಿ ತೆರೆದೆವು. ಎಲ್ಲಾ ಕಸ. ಆದರೆ ಮೊಟ್ಟಮೊದಲ ಅಕ್ಷರಗಳು ಮಾತ್ರ ಓದಲಿಕ್ಕೆ ಬಂದವು: ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3. ಅಷ್ಟು ಸಾಕಾಗಿತ್ತು.

ಎಸ್‌ಕ್ಯೂಲೈಟ್ ಅಂದರೇನು? ದೊಡ್ಡ ಆಫೀಸುಗಳಲ್ಲಿ ಡೇಟಾಬೇಸ್ ಅಂದರೆ ಬೇರೆಯೇ ಒಂದು ಯಂತ್ರ. ನಮ್ಮ ಪಹಣಿಯನ್ನೇ ತಗೊಳ್ಳಿ. 2000ದ ಆಸುಪಾಸಿನಲ್ಲಿ ಬಂದ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು, ತಾಲ್ಲೂಕು ಆಫೀಸಿನ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಪ್ರತಿ ತಗೊಂಡಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಸರ್ವರ್ ಇರುತ್ತದೆ, ಅದನ್ನು ನೋಡಿಕೊಳ್ಳೋರು ಇರುತ್ತಾರೆ, ಸರ್ವರ್ ಡೌನ್ ಅಂದರೆ ನೀವು ಮನೆಗೆ ವಾಪಸ್. ಎಸ್‌ಕ್ಯೂಲೈಟ್‌ಗೆ ಅದೇನೂ ಬೇಡ. ಇಡೀ ಡೇಟಾಬೇಸ್ ಒಂದೇ ಒಂದು ಫೈಲ್, ಅದನ್ನು ಓದಿ ಬರೆಯುವ ಕೆಲಸ ಆ್ಯಪ್ ಒಳಗೇ ಕೂತಿರುತ್ತದೆ.

ಇದರ ಹುಟ್ಟು ವಿಚಿತ್ರ. 2000ನೇ ಇಸವಿಯಲ್ಲಿ ಡಿ. ರಿಚರ್ಡ್ ಹಿಪ್ ಅನ್ನೋ ಅಮೆರಿಕದ ಪ್ರೋಗ್ರಾಮರ್, ಜನರಲ್ ಡೈನಾಮಿಕ್ಸ್ ಕಂಪನಿಯ ಕಡೆಯಿಂದ ಅಲ್ಲಿನ ನೌಕಾಪಡೆಯ ಕೆಲಸದಲ್ಲಿದ್ದರು. ಯುದ್ಧನೌಕೆಗೆ ಪೆಟ್ಟು ಬಿದ್ದಾಗ ಯಾವ ವಾಲ್ವ್ ಮುಚ್ಚಬೇಕು, ಯಾವುದು ತೆಗೆಯಬೇಕು ಅಂತ ಹೇಳುವ ಸಾಫ್ಟ್‌ವೇರ್ ಅದು. ಮಾಹಿತಿ ಎಲ್ಲಾ ಇನ್‌ಫಾರ್ಮಿಕ್ಸ್ ಅನ್ನೋ ದೊಡ್ಡ ಡೇಟಾಬೇಸ್ ಸರ್ವರ್‌ನಲ್ಲಿತ್ತು. ಸರ್ವರ್ ಬಿದ್ದರೆ ಇವರ ಪರದೆ ಮೇಲೆ ‘ಸಂಪರ್ಕ ಸಿಗುತ್ತಿಲ್ಲ’ ಅಂತ ಬರುತ್ತಿತ್ತು, ಬೈಗುಳ ಇವರಿಗೆ. ತಾಲ್ಲೂಕು ಆಫೀಸಿನ ಕಿಟಕಿಯಲ್ಲಿ ಕೂತಿರೋರ ಕಷ್ಟವೇ, ಹಡಗಿನ ಮೇಲೆ ಅಷ್ಟೆ. ಸರ್ವರೇ ಇಲ್ಲದೆ ಡಿಸ್ಕಿನಿಂದ ನೇರವಾಗಿ ಓದಿದರೆ ಆಗೋದಿಲ್ಲವೇ ಅಂತ ಹಿಪ್ ಯೋಚನೆ ಮಾಡಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮೊದಲ ಆವೃತ್ತಿ ಬಂತು. 2004ರಲ್ಲಿ ಬಂದ ಮೂರನೇ ಆವೃತ್ತಿಯ ಫೈಲ್ ವಿನ್ಯಾಸವೇ ಇವತ್ತಿಗೂ ನಡೆಯುತ್ತಿದೆ. ಸಿರುಗುಪ್ಪದ ಫೈಲಿನ ಮೊದಲ ಸಾಲಿನಲ್ಲಿ ಕಂಡ 3 ಅದೇ.

ಹಿಪ್ ಇದರ ಮೇಲೆ ಯಾವ ಹಕ್ಕೂ ಇಟ್ಟುಕೊಳ್ಳಲಿಲ್ಲ. ಕೆರೆ ನೀರಿನ ಹಾಗೆ ಯಾರು ಬೇಕಾದರೂ ತಗೋಬಹುದು, ಮಾರಲೂಬಹುದು. ಅದಕ್ಕೇ ಆಂಡ್ರಾಯ್ಡ್ ಫೋನ್‌ಗಳ ಒಳಗೆ 2008ರಿಂದಲೂ ಇದು ಇದೆ. ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಎಸ್‌ಎಂಎಸ್, ವಾಟ್ಸ್‌ಆ್ಯಪ್ ಮೆಸೇಜು ಎಲ್ಲ ಇಂಥ ಫೈಲ್‌ಗಳಲ್ಲೇ ಕೂತಿವೆ. ಈ ಬರಹ ಓದುತ್ತಿರೋ ಫೋನಿನಲ್ಲೂ.

ಆದರೆ ಫೈಲ್ ಇದ್ದರೆ ಸಾಲದು, ತೆರೆಯೋ ಕೀಲಿ ಬೇಕಲ್ಲ. ಎಸ್‌ಕ್ಯೂಲೈಟ್ ಜೊತೆಗೇ ಒಂದು ಕಮಾಂಡ್ ಲೈನ್ ಸಾಧನ ಬರುತ್ತದೆ. ‘ಡಾಟ್ ಡಂಪ್’ ಅಂತ ಕೊಟ್ಟರೆ ಇಡೀ ಫೈಲನ್ನು ಓದಲು ಬರುವ ಅಕ್ಷರಗಳಲ್ಲಿ ಸುರಿಯುತ್ತದೆ. ಕಪ್ಪು ಪರದೆ ನೋಡಿ ಹೆದರುವವರಿಗೆ (ನಾವೂ ಹೆದರುತ್ತೇವೆ) ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್ ಇದೆ. ಇದು ಬ್ರೆಜಿಲ್‌ನ ಟಬುಲೇರೊ ಅನ್ನೋ ಸಂಸ್ಥೆಯ ಮೌರಿಸಿಯೊ ಪಿಯಾಸೆಂಟಿನಿ ಮೊದಲು ಬರೆದ ಸಾಧನ. ಅವರು ಬಿಟ್ಟುಕೊಟ್ಟ ಮೇಲೆ ಬೇರೆ ಬೇರೆ ದೇಶದ ಸ್ವಯಂಸೇವಕರು ಬೆಳೆಸಿದರು. 2014ರಲ್ಲಿ ಹೆಸರು ಬದಲಾಯಿತು. ಜನ ಇದರ ದೂರನ್ನೆಲ್ಲ ಹಿಪ್ ಅವರ ತಂಡಕ್ಕೆ ಕಳಿಸುತ್ತಿದ್ದರಂತೆ! ಪುಕ್ಕಟೆ ಸಿಗುತ್ತದೆ, ನಮ್ಮ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ.

ಅದರಲ್ಲಿ ತೆರೆದಾಗ ನಾಲ್ಕು ಕೋಷ್ಟಕ ಕಂಡವು: ಸದಸ್ಯರು, ಉಳಿತಾಯ, ಸಾಲ, ಕಂತು. ದಿನಾಂಕದ ಜಾಗದಲ್ಲಿ ಹದಿಮೂರು ಅಂಕಿಯ ಸಂಖ್ಯೆಗಳು. 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡುಗಳು ಅವು, ತಿರುಗಿಸಿದರೆ ನಮ್ಮ ತಾರೀಖು ಬಂತು. ಕಂತಿನ ಪಟ್ಟಿಯಲ್ಲಿ ಹೆಸರಿರಲಿಲ್ಲ, ಸದಸ್ಯರ ನಂಬರ್ ಮಾತ್ರ. 6 ಮತ್ತು 11. ಇಬ್ಬರಿಗೂ ಒಂದೇ ಹೆಸರು. ನಮ್ಮ ಕಡೆ ಕೆಲವು ಹೆಸರು ಓಣಿಗೆ ನಾಲ್ಕು ಸಿಗುತ್ತವೆ, ನಿಮಗೆ ಗೊತ್ತೇ ಇದೆ. 6ನೇ ನಂಬರಿನವರ ಮೂರು ಕಂತು 11ರ ಲೆಕ್ಕಕ್ಕೆ ಬಿದ್ದಿತ್ತು. ದುಡ್ಡು ಎಲ್ಲೂ ಹೋಗಿರಲಿಲ್ಲ. ಖಜಾಂಚಿ ಆಗ ಮೊದಲ ಸಲ ನೀರು ಕೇಳಿ ಕುಡಿದರು.

ಇದು ಸಲೀಸಾಗಿ ಆಯ್ತು ಅಂತ ತಿಳಿಯಬೇಡಿ. ಸಂಘದ ಅದಕ್ಕೂ ಹಿಂದಿನ ಪಟ್ಟಿ ಹಳೇ ನುಡಿ ಅಕ್ಷರದಲ್ಲಿತ್ತು. ಯುನಿಕೋಡ್ ಅಲ್ಲದ ಆ ಬರಹ ಡೇಟಾಬೇಸಿಗೆ ಬಂದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದನ್ನು ಪರಿವರ್ತಿಸಲಿಕ್ಕೇ ಅರ್ಧ ದಿನ ಹೋಯ್ತು. ಊರ ಹೆಸರು ಹುಡುಕಿದರೆ ಕೆಲವು ಸಾಲು ಸಿಗಲಿಲ್ಲ, ಕೆಲವರು ‘ಸಿರುಗುಪ್ಪ’ ಬರೆದಿದ್ದರು, ಕೆಲವರು ‘ಸಿರಗುಪ್ಪ’. ಇನ್ನೊಂದು ತಮಾಷೆ: ಅಕಾರಾದಿ ಜೋಡಿಸು ಅಂದರೆ ‘ಬಳ್ಳಾರಿ’ ಮೊದಲು, ‘ಬಸವ’ ಆಮೇಲೆ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ. ಯುನಿಕೋಡ್ ಅದನ್ನು ಲ ಪಕ್ಕದಲ್ಲೇ ಕೂರಿಸಿದೆ, ಎಸ್‌ಕ್ಯೂಲೈಟ್ ಬೇರೆ ಏನೂ ಹೇಳದಿದ್ದರೆ ಆ ಕ್ರಮವನ್ನೇ ಹಿಡಿಯುತ್ತದೆ.

ಈ ವಿಷಯ ಬಾಯಿಂದ ಬಾಯಿಗೆ ಹೋಗಿ, ಕುರುಗೋಡಿನ ಒಬ್ಬ ಹುಡುಗ ಇನ್ನೊಂದು ಫೈಲ್ ತಂದ. ತನ್ನ ಊರಿನ ಕಾಲುವೆ ಕೊನೆಯ ಹೊಲಗಳ ಪಟ್ಟಿ, ಯಾರಿಗೆ ಎಷ್ಟು ಜಮೀನು, ಎಷ್ಟು ದಿನ ನೀರು ಬಂತು ಅಂತ. ಒಂದು ಸಾಲಿನಲ್ಲಿ 2.20. ಎರಡು ಎಕರೆ ಇಪ್ಪತ್ತು ಏನು? ಗುಂಟೆ ಆದರೆ ಎರಡೂವರೆ ಎಕರೆ, ಸೆಂಟ್ಸ್ ಆದರೆ ಎರಡು ಎಕರೆಗೆ ಸ್ವಲ್ಪ ಮೇಲೆ. ರಾಜ್ಯದ ಬಹುಪಾಲು ಕಡೆ ಎಕರೆಗೆ 40 ಗುಂಟೆ, ನಾವು ಬಳ್ಳಾರಿಯವರು ಇನ್ನೂ ನೂರು ಸೆಂಟ್ಸ್ ಲೆಕ್ಕ ಹೇಳುತ್ತೇವೆ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರೋವರೆಗೆ ನಾವು ಮದ್ರಾಸಿನವರು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಹೊಲ ಹೊಲ ಅಳೆಸಿ ರೈತನ ಹೆಸರಿಗೇ ಕಂದಾಯ ಬರೆಸಿದ. ಸೆಂಟ್ಸ್ ಆಮೇಲೆ ಬಂದ ಮದ್ರಾಸ್ ಸರ್ವೆಯ ಲೆಕ್ಕ. ಇನ್ನೂರು ವರ್ಷದ ಆ ರಿಜಿಸ್ಟರುಗಳಲ್ಲಿ ಅಂಕಣದ ತಲೆಗೆ ಅಳತೆಯ ಹೆಸರು ಬರೆದಿರುತ್ತಿತ್ತು. ಹುಡುಗನ ಫೈಲಿನಲ್ಲಿ ಅದು ಇಲ್ಲ.

ಎಸ್‌ಕ್ಯೂಲೈಟ್ ಈ ವಿಷಯದಲ್ಲಿ ಬಲು ಸಡಿಲ. ಸಂಖ್ಯೆಯ ಅಂಕಣದಲ್ಲಿ ‘ಎರಡು ಎಕರೆ ಚಿಲ್ಲರೆ’ ಅಂತ ಬರೆದರೂ ಸುಮ್ಮನೆ ಇಟ್ಟುಕೊಳ್ಳುತ್ತದೆ. ಬಿಗಿ ಬೇಕಾದವರಿಗೆ 2021ರಲ್ಲಿ ‘ಸ್ಟ್ರಿಕ್ಟ್’ ಅನ್ನೋ ಕೋಷ್ಟಕ ತಂದರು. ಆದರೆ ಅದೂ ಗುಂಟೆಯೋ ಸೆಂಟ್ಸೋ ಅಂತ ಕೇಳೋದಿಲ್ಲ. ಅದನ್ನು ನಾವೇ ಹೊಸ ಅಂಕಣ ಮಾಡಿ, ಮನೆಮನೆಗೆ ಹೋಗಿ ಕೇಳಿ ತುಂಬಬೇಕು.

ಸಿರುಗುಪ್ಪದ ಸಂಘದವರು ಈಗ ಮತ್ತೆ ಕಾಗದದ ಪುಸ್ತಕ ತೆರೆದಿದ್ದಾರೆ. ನಾವು ಪ್ರಿಂಟ್ ಮಾಡಿ ಕೊಟ್ಟ ಎರಡು ವರ್ಷದ ಲೆಕ್ಕ ಅದರ ಮೊದಲ ಪುಟಗಳಿಗೆ ಅಂಟಿಸಿದ್ದಾರೆ. ಫೈಲ್ ಒಂದು ಪೆನ್‌ಡ್ರೈವ್‌ನಲ್ಲಿ, ಉಳಿತಾಯದ ದುಡ್ಡಿನ ಪೆಟ್ಟಿಗೆಯಲ್ಲೇ ಇದೆ. ಕುರುಗೋಡಿನ ಪಟ್ಟಿಯಲ್ಲಿ ಇನ್ನೂ ಹನ್ನೊಂದು ಮನೆ ಬಾಕಿ, ಬರೋ ಭಾನುವಾರ ಆ ಹುಡುಗನ ಜೊತೆ ನಾವೂ ಹೋಗುತ್ತಿದ್ದೇವೆ.